ಯಕ್ಷಗಾನ ಮೇಳ ಸೇರುವವನಿಗೆ ಹೇಳಿ: ಚೌಕಿಯ (ಬಣ್ಣದ ಮನೆಯ) ಬದುಕು ನಿಜವಾಗಿ ಹೇಗಿರುತ್ತದೆ?

ಪುಂಡುವೇಷ_27
ಎಲ್ಲರಿಗೂ ನಮಸ್ಕಾರ. ಎಂಟು ವರ್ಷದಿಂದ ಊರಿನ ಹವ್ಯಾಸಿ ಸಂಘದಲ್ಲಿ ತೆಂಕುತಿಟ್ಟಿನ (ದಕ್ಷಿಣದ ಶೈಲಿಯ) ಪುಂಡುವೇಷ, ಅಂದರೆ ಅಭಿಮನ್ಯುವಿನಂಥ ಹುಡುಗ ವೀರರ ಪಾತ್ರ, ಮಾಡುತ್ತಿದ್ದೇನೆ. ವರ್ಷಕ್ಕೆ ಹೆಚ್ಚೆಂದರೆ ಹದಿನೈದು ಆಟ. ಹಗಲು ಲೆಕ್ಕಪತ್ರ ಬರೆಯುವ ಕೆಲಸ. ಈ ಸಲ ಒಂದು ಮೇಳದಿಂದ ಕರೆ ಬಂದಿದೆ. ದೀಪಾವಳಿ ಕಳೆದು ಹೊರಟರೆ ಮೇ ಕೊನೆಯ ಪತ್ತನಾಜೆವರೆಗೆ ಊರೂರು ತಿರುಗಾಟ. ಹತ್ತಿರ ಹತ್ತಿರ ಆರು ತಿಂಗಳು, ದಿನಾ ರಾತ್ರಿ.

ರಂಗಸ್ಥಳದ ಹೆದರಿಕೆ ನನಗಿಲ್ಲ. ಹೆದರಿಕೆ ಇರುವುದು ಚೌಕಿಯದ್ದು. ಸಂಘದ ಆಟದಲ್ಲಿ ಚೌಕಿ ಅಂದರೆ ಮದುವೆ ಮನೆ. ಚಿಕ್ಕಪ್ಪನ ಮಗ ಗೆಜ್ಜೆ ಕಟ್ಟುತ್ತಾನೆ, ಅತ್ತಿಗೆ ಚಾ ತರುತ್ತಾರೆ. ಕಳೆದ ವರ್ಷ ಒಂದು ಮೇಳಕ್ಕೆ ಬದಲಿ ವೇಷಕ್ಕೆ ಹೋಗಿದ್ದೆ. ಚಾಪೆ ಹಾಸಿದ ಮೂರು ಜಾಗದಿಂದ ಎಬ್ಬಿಸಿದರು. ಯಾರೂ ಬೈಯಲಿಲ್ಲ. "ಅಲ್ಲಿ ಅಲ್ಲ" ಅಂದರು, ಅಷ್ಟೇ. ಕೊನೆಗೆ ಬೆಳಕು ಸರಿಯಾಗಿ ಬೀಳದ ಕಡೆ ಕೂತು ಬಣ್ಣ ಹಚ್ಚಿಕೊಂಡೆ. ಎಡ ಹುಬ್ಬು ಬಲ ಹುಬ್ಬಿಗಿಂತ ಅರ್ಧ ಬೆರಳು ಮೇಲೆ ಹೋಗಿತ್ತು. ಅದು ಗೊತ್ತಾದದ್ದು ಮರುದಿನ ಯಾರೋ ಕಳಿಸಿದ ಫೋಟೋದಲ್ಲಿ.

ನಿದ್ದೆ ಹೇಗೆ ಮಾಡುತ್ತೀರಿ? ಚೌಕಿಯ ರೀತಿ ಯಾರು ಹೇಳಿಕೊಡುತ್ತಾರೆ? ಆರು ತಿಂಗಳು ದೇಹ ತಡೆಯುತ್ತದಾ? ಅಮ್ಮ ಹೂಂ ಅಂದಿದ್ದಾರೆ. ಅಪ್ಪ ಒಂದು ವಾರದಿಂದ ಮಾತಾಡುತ್ತಿಲ್ಲ. ಸಂಬಳ ಎಷ್ಟು ಅಂತ ಮಾತ್ರ ಕೇಳಬೇಡಿ.

ಚೆಂಡೆಪೆಟ್ಟು
ಸಂಬಳ ಎಷ್ಟು?

ಹಳೇಗೆಜ್ಜೆ
ಮೂರು ಕಡೆಯಿಂದ ಎಬ್ಬಿಸಿದ್ದನ್ನು ಅವಮಾನ ಅಂತ ತಿಳಿಯಬೇಡಿ. ನಾನು 22 ವರ್ಷ ಮೇಳದಲ್ಲಿದ್ದವ. ಚೌಕಿಯಲ್ಲಿ ಖಾಲಿ ಕಾಣುವ ಜಾಗ ಖಾಲಿ ಅಲ್ಲ. ಒಂದು ತುದಿಯಲ್ಲಿ ದೇವರು, ಅಲ್ಲಿಂದ ಎರಡು ಸಾಲು. ಬಣ್ಣದ ವೇಷಕ್ಕೆ (ರಾಕ್ಷಸ ಪಾತ್ರಕ್ಕೆ) ಒಂದು ಸ್ಥಾನ, ಎರಡನೇ ವೇಷಕ್ಕೆ ಒಂದು, ಸ್ತ್ರೀವೇಷಕ್ಕೆ, ಹಾಸ್ಯಕ್ಕೆ ಒಂದೊಂದು. ಆಟ ಗದ್ದೆಯಲ್ಲಿರಲಿ, ಶಾಲೆಯ ಜಗಲಿಯಲ್ಲಿರಲಿ, ಆ ಸಾಲು ಬದಲಾಗುವುದಿಲ್ಲ. ಯಾಕೆ ಗೊತ್ತಾ? ಕರೆಂಟು ಹೋದರೂ ವೇಷ ಕಟ್ಟುವ ನೇಪಥ್ಯದವನ ಕೈಗೆ ಕತ್ತಲಲ್ಲೇ ನಿಮ್ಮ ಕಿರೀಟ ಸಿಗಬೇಕು, ಅದನ್ನು ನಿಮ್ಮ ತಲೆಗೇ ಇಡಬೇಕು.

ಇನ್ನೊಂದು ಮಾತು. ಮೇಳದ ಚೌಕಿಯಲ್ಲಿ ನಿಮ್ಮನ್ನು ಯಾರೂ ಕರೆಯುವುದಿಲ್ಲ. ಸಂಘದಲ್ಲಾದರೆ "ನಿನ್ನ ವೇಷ ಬಂತು ಮಾರಾಯ" ಅಂತ ಯಾರಾದರೂ ಓಡಿ ಬರುತ್ತಾರೆ. ಇಲ್ಲಿ ಕರೆಯುವುದು ಹಾಡಿ ಆಟ ನಡೆಸುವ ಭಾಗವತರ ಪದ್ಯ. ಇಂಥ ಪದ್ಯ ಎತ್ತಿದರು ಅಂದರೆ ಮುಖದ ಬಣ್ಣ ಮುಗಿದಿರಬೇಕು, ಇಂಥದ್ದು ಬಂತು ಅಂದರೆ ಗೆಜ್ಜೆ ಕಾಲಲ್ಲಿರಬೇಕು. ಬಾಯಿ ಏನು ಬೇಕಾದರೂ ಹರಟಲಿ, ಒಂದು ಕಿವಿ ರಂಗಸ್ಥಳದಲ್ಲೇ. ನನ್ನ ವೇಷ ತಡ ಇದ್ದಾಗ ಪೆಟ್ಟಿಗೆಗೆ ಒರಗಿ ಮಲಗುತ್ತಿದ್ದೆ. ಚೆಂಡೆಯ ಅಬ್ಬರಕ್ಕೆ ಎಚ್ಚರ ಆಗುತ್ತಿರಲಿಲ್ಲ. ನನ್ನ ಪ್ರವೇಶಕ್ಕೆ ಎರಡು ಪದ್ಯ ಮೊದಲಿನ ರಾಗ ಕೇಳಿದ ಕೂಡಲೇ ಕಣ್ಣು ತಾನಾಗಿ ಬಿಡುತ್ತಿತ್ತು. ಮೇಳ ಬಿಟ್ಟು ಆರು ವರ್ಷ ಆಯ್ತು. ಈಗಲೂ ಪಕ್ಕದ ಮನೆಯವರು ಫೋನಿನಲ್ಲಿ ಆಟ ಹಾಕಿದರೆ ಮಧ್ಯಾಹ್ನದ ನಿದ್ದೆಯಿಂದ ಎದ್ದು ಕೂರುತ್ತೇನೆ.

ಬಡಗಿನ_ಮಾಣಿ
ಅಣ್ಣ, ಸ್ಥಾನದ ಮಾತು ಭಕ್ತರ ಹರಕೆಗೆ ಆಟ ಆಡುವ ಮೇಳಕ್ಕೆ ಸರಿ. ಎಲ್ಲ ಕಡೆ ಹಾಗಿಲ್ಲ. ನಾನು ಎರಡು ವರ್ಷ ಟೆಂಟ್ ಮೇಳದಲ್ಲಿದ್ದೆ. ಅಲ್ಲಿ ಯಾರ ಹೆಸರಿಗೆ ಟಿಕೆಟ್ ಹೋಗುತ್ತದೋ ಅವರಿಗೆ ಫ್ಯಾನಿನ ಕೆಳಗೆ ಜಾಗ. ಅತಿಥಿ ಕಲಾವಿದರು ಹತ್ತು ಗಂಟೆಗೆ ಕಾರಿನಲ್ಲಿ ಬಂದರೆ ಆರು ಗಂಟೆಯಿಂದ ಕೂತವರು ಸರಿದು ಕೊಡಬೇಕು.

ದೇಹದ ವಿಷಯ ಕೇಳಿದಿರಿ. ನಿಮ್ಮದು ತೆಂಕು, ಧೀಂಗಿಣ (ಸುತ್ತು ತಿರುಗಿ ಹಾರುವ ಕುಣಿತ) ಹಾರುತ್ತೀರಿ, ಹಿಮ್ಮಡಿ ಹೋಗುತ್ತದೆ. ನಮ್ಮದು ಬಡಗು (ಉತ್ತರದ ಶೈಲಿ), ಮಂಡಿಯೂರಿ ತಿರುಗುವ ಮಂಡಿ ಕುಣಿತ. ನನಗೆ 31 ವರ್ಷ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತೇನೆ.

ತೆಂಕಣಗಾಳಿ
ನಿಮ್ಮವರು ಪದ್ಯಕ್ಕೆ ನಾಲ್ಕು ಸಲ ಸುಮ್ನೆ ಮಂಡಿ ಹಾಕುವುದಕ್ಕೆ ಯಕ್ಷಗಾನ ಏನು ಮಾಡೀತು? ಚಪ್ಪಾಳೆ ಬಿದ್ದಷ್ಟೂ ತಿರುಗುತ್ತಾರೆ.

ಬಡಗಿನ_ಮಾಣಿ
ನಿಮ್ಮವರು ಚಪ್ಪಾಳೆಗೆ ನೂರು ಗಿರ್ಕಿ ಹೊಡೆಯುವುದನ್ನೂ ನೋಡಿದ್ದೇವೆ ಬಿಡಿ.

ಹಳೇಗೆಜ್ಜೆ
ತಿಟ್ಟಿನ ಜಗಳ ಬೇರೆ ಕಡೆ ಮಾಡಿ ಮಾರ್ರೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಬಡಗಿನವರೇ. 2012ರಲ್ಲಿ ಪದ್ಮಶ್ರೀ ಬಂದಾಗ ಎಂಬತ್ತರ ಹತ್ತಿರ ಇದ್ದರು. ಎಂಬತ್ತು ದಾಟಿದ ಮೇಲೂ ಕುಣಿದರು. ಮಂಡಿ ಹಾಕಿದವರೆಲ್ಲ ಮೂವತ್ತಕ್ಕೆ ಕೂರುವುದಿಲ್ಲ.

ಬಡಗಿನ_ಮಾಣಿ
ಚಿಟ್ಟಾಣಿಯವರ ಹೆಸರು ಹೇಳಿದರೆ ನನ್ನ ಮಂಡಿ ಸರಿಯಾಗುತ್ತದಾ? ಒಬ್ಬರು ಎಂಬತ್ತರವರೆಗೆ ಕುಣಿದದ್ದು ಎಲ್ಲರಿಗೂ ಕಾಣುತ್ತದೆ. ನಲವತ್ತಕ್ಕೆ ಬಿಟ್ಟು ಹೋಟೆಲಿನಲ್ಲಿ ಕ್ಯಾಶಿಗೆ ಕೂತವರನ್ನು ಯಾರು ಲೆಕ್ಕ ಇಟ್ಟಿದ್ದಾರೆ?

ನೇಪಥ್ಯದ_ಕೈ
ವೇಷಧಾರಿಗಳು ಮಾತಾಡಿದ್ದು ಆಯ್ತು. ಈಗ ವೇಷ ಕಟ್ಟುವವನದ್ದೂ ಕೇಳಿ.

ಸಂಜೆ ಲಾರಿಯಿಂದ ಪೆಟ್ಟಿಗೆ ಇಳಿಸುವವರು ನಾವು, ಬೆಳಗ್ಗೆ ಹತ್ತಿಸುವವರೂ ನಾವು. ನಡುವೆ ಒಂದೊಂದು ವೇಷಕ್ಕೂ ಎದೆಕಟ್ಟು, ಭುಜಕೀರ್ತಿ, ವೀರಗಸೆ, ಡಾಬು, ಕೈಕಟ್ಟು ಅಂತ ಕಟ್ಟುತ್ತಾ ಹೋಗಬೇಕು. ಹೊಸಬರೆಲ್ಲ ಹೇಳುವುದು ಒಂದೇ ಮಾತು, "ಅಣ್ಣ, ಚೂರು ಸಡಿಲ ಮಾಡಿ." ಸಡಿಲ ಮಾಡಿದರೆ ಎರಡನೇ ಧೀಂಗಿಣಕ್ಕೆ ಭುಜಕೀರ್ತಿ ಕಿವಿಗೆ ಬರುತ್ತದೆ. ಜಾಸ್ತಿ ಬಿಗಿ ಮಾಡಿದರೆ ಅರ್ಥ (ಪಾತ್ರದ ಮಾತು) ಹೇಳುವಾಗ ಉಸಿರು ಸಾಲದೆ ಮಾತು ನಡುವೆ ತುಂಡಾಗುತ್ತದೆ. ಹಾಗಾಗಿ ಕಟ್ಟುವಾಗ ಹೊಟ್ಟೆ ತುಂಬ ಉಸಿರು ಎಳೆದು ನಿಲ್ಲಲು ಹೇಳುತ್ತೇನೆ. ಆಗ ಗಂಟು ಹಾಕಿದರೆ ಉಸಿರು ಬಿಟ್ಟಾಗ ಎರಡು ಬೆರಳು ಹೋಗುವಷ್ಟು ಜಾಗ ಉಳಿಯುತ್ತದೆ. ಕೆಲವರು ಕಳ್ಳರು, ಅರ್ಧ ಉಸಿರು ಎಳೆದು ಸುಮ್ಮನಿರುತ್ತಾರೆ. ಒದ್ದಾಡುವುದು ಅವರೇ.

ಮೊದಲ ವಾರ ಒಬ್ಬ ಹುಡುಗನಿಗೆ ಪೂರ್ತಿ ಕಟ್ಟಿ ಕಿರೀಟ ಇಟ್ಟು ಕೈ ಒರೆಸಿಕೊಂಡೆ. ಆಗ ಹೇಳುತ್ತಾನೆ, "ಅಣ್ಣ, ಒಂದಕ್ಕೆ ಹೋಗಬೇಕಿತ್ತು." ನಾನು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಭಾಗವತರು ಪದ್ಯ ಎತ್ತಿದರು. ಹೋದ, ಒಂದೂವರೆ ಗಂಟೆ ಯುದ್ಧ ಮಾಡಿ ಬಂದ. ಆ ಯುದ್ಧದಲ್ಲಿ ಅವನಷ್ಟು ಬೇಗ ಶತ್ರುವನ್ನು ಕೊಂದವರನ್ನು ನಾನು ನೋಡಿಲ್ಲ.

ಚೆಂಡೆಪೆಟ್ಟು
😂😂 ಆ ಹುಡುಗ ಯಾರು ಅಂತ ನನಗೆ ಗೊತ್ತು. ಆ ದಿನ ಚೆಂಡೆಯಲ್ಲಿ ನಾನೇ ಇದ್ದೆ. ವೇಗದ ಏರುಪದ್ಯಕ್ಕೆ ನನ್ನನ್ನೇ ಓಡಿಸಿಬಿಟ್ಟ.

ಗದ್ದೆಕಟ್ಟ
ಅದಕ್ಕೇ ವೇಷಧಾರಿಗಳು ಸಂಜೆ ಮೇಲೆ ನೀರು ಕುಡಿಯುವುದಿಲ್ಲ. ಬೆವರು ಮಾತ್ರ ಕೊಡ ತುಂಬ. ಕಿಡ್ನಿ ಕಲ್ಲು ಇಲ್ಲದ ಹಿರಿಯ ವೇಷಧಾರಿ ಇದ್ದರೆ ತೋರಿಸಿ.

ಹಳೇಗೆಜ್ಜೆ
ನನಗಿಲ್ಲ.

ಗದ್ದೆಕಟ್ಟ
ಸ್ಕ್ಯಾನ್ ಮಾಡಿಸಿದ್ದೀರಾ?

ಹಳೇಗೆಜ್ಜೆ
ಇಲ್ಲ.

ಮಲ್ಲಿಗೆ_ಅಟ್ಟೆ
ನಾನು ವೇಷಧಾರಿ ಅಲ್ಲ, ವೇಷಧಾರಿಯ ಹೆಂಡತಿ. ನಿಮ್ಮ ಅಪ್ಪ ಯಾಕೆ ಮಾತಾಡುತ್ತಿಲ್ಲ ಅಂತ ನನಗೆ ಅರ್ಥ ಆಗುತ್ತದೆ.

ನಮ್ಮ ಮನೆಯಲ್ಲಿ ನವೆಂಬರಿನಿಂದ ಮೇ ತನಕ ಬಿಳಿ ದಿಂಬಿನ ಕವರ್ ಹಾಕುವುದಿಲ್ಲ. ಎಷ್ಟೇ ಎಣ್ಣೆ ಹಾಕಿ ಒರೆಸಿದರೂ ಕಿವಿಯ ಹಿಂದೆ, ಕೂದಲ ಬುಡದಲ್ಲಿ ಕೆಂಪು ಉಳಿದಿರುತ್ತದೆ. ಬೆಳಗ್ಗೆ ಏಳಕ್ಕೆ ಬರುತ್ತಾರೆ, ಗಂಜಿ ಉಂಡು ಮಲಗುತ್ತಾರೆ. ಕುಕ್ಕರ್ ಕೂಗಿಸಬಾರದು, ಟಿವಿ ಹಾಕಬಾರದು. ಮಗಳು ಒಂದನೇ ಕ್ಲಾಸಿನಲ್ಲಿರುವಾಗ "ನನ್ನ ಅಪ್ಪ" ಅಂತ ಚಿತ್ರ ಬಿಡಿಸಲು ಹೇಳಿದ್ದರು. ಮಂಚ, ಅದರ ಮೇಲೆ ಹೊದಿಕೆ, ಹೊದಿಕೆಯಿಂದ ಹೊರಗೆ ಎರಡು ಪಾದ. ಪಾದದ ಬೆರಳಿಗೆ ಕೆಂಪು ಬಣ್ಣ ಹಾಕಿದ್ದಳು. ಟೀಚರಿಗೆ ಅರ್ಥ ಆಗಲಿಲ್ಲ, ಗಾಯ ಆಗಿದೆಯಾ ಅಂತ ಕೇಳಿದರಂತೆ.

ಮದುವೆ ಮುಂಜಿ ಎಲ್ಲ ನಾನೊಬ್ಬಳೇ ಹೋಗುವುದು. ಅವರು ಬಂದರೂ ಒಂದು ಗಂಟೆ ಕೂತು ಆಕಳಿಸುತ್ತಾರೆ. ಇಷ್ಟೆಲ್ಲ ಹೇಳಿದೆ ಅಂತ ಬೇಡ ಅನ್ನುವುದಲ್ಲ. ಜೂನ್ ತಿಂಗಳಲ್ಲಿ ಮನೆಯಲ್ಲಿದ್ದಾಗ ರಾತ್ರಿ ಎರಡಕ್ಕೆ ಎದ್ದು ಜಗಲಿಯಲ್ಲಿ ಓಡಾಡುತ್ತಾರೆ. ಆವಾಗ ನನಗೇ ಅನಿಸುತ್ತದೆ, ಹೋಗಲಪ್ಪ, ಬೇಗ ಮೇಳ ಹೊರಡಲಿ ಅಂತ.

ಪುಂಡುವೇಷ_27
ಅಕ್ಕ, ಇದನ್ನು ಅಮ್ಮನಿಗೆ ಓದಿ ಹೇಳಿದೆ. ಪಾದದ ಚಿತ್ರಕ್ಕೆ ನಕ್ಕರು, ಆಮೇಲೆ ಒಳಗೆ ಹೋದರು.

ಮಂಗಳದ_ಹೊತ್ತು
ನಿದ್ದೆಯ ಬಗ್ಗೆ ಯಾರೂ ನೇರ ಹೇಳುತ್ತಿಲ್ಲ, ನಾನು ಹೇಳುತ್ತೇನೆ. ಮೊದಲ ಹದಿನೈದು ದಿನ ಹುಚ್ಚು ಹಿಡಿಯುತ್ತದೆ. ಹಗಲು ನಿದ್ದೆ ಬರುವುದಿಲ್ಲ, ರಾತ್ರಿ ನಿಂತಲ್ಲೇ ತೂಕಡಿಕೆ. ಆಮೇಲೆ ಹೊಂದಿಕೊಳ್ಳುತ್ತದೆ. ಹಿಂದಿನವರಿಗೆ ಬಿಡಾರ ಇತ್ತು. ಆಟ ಮುಗಿಸಿ ಮುಂದಿನ ಊರಿಗೆ ನಡೆದು ಹೋಗಿ, ಅಲ್ಲೇ ದೇವಸ್ಥಾನದಲ್ಲೋ ದೊಡ್ಡ ಮನೆಯ ಚಾವಡಿಯಲ್ಲೋ ಎಲ್ಲರೂ ಒಟ್ಟಿಗೆ ಮಲಗುತ್ತಿದ್ದರು. ಈಗ ಎಲ್ಲರ ಹತ್ತಿರ ಬೈಕ್ ಇದೆ. ಆಟದ ಕೊನೆಯ ಮಂಗಳ ಪದ್ಯ ಆದ ಕೂಡಲೇ ಅರ್ಧ ಬಣ್ಣ ಒರೆಸಿ ನಲವತ್ತು ಐವತ್ತು ಕಿಲೋಮೀಟರ್ ಮನೆಗೆ. ಹೆಂಡತಿ ಮಕ್ಕಳನ್ನು ನೋಡಬಹುದು, ನಿಜ. ಆದರೆ ಇಡೀ ರಾತ್ರಿ ಕುಣಿದವನು ಬೆಳಗಿನ ಆರು ಗಂಟೆಯ ತಂಪಿನಲ್ಲಿ ಬೈಕ್ ಮೇಲೆ ಕೂತರೆ ಏನಾಗುತ್ತದೆ ಅಂತ ಹೇಳಬೇಕಾ? ನನ್ನ ಜೊತೆಗಿದ್ದವನೊಬ್ಬ ಹಾಗೆ ಹೋಗಿ ಮನೆ ಮುಟ್ಟಲಿಲ್ಲ. ಅವನ ಪೆಟ್ಟಿಗೆ ಮರುದಿನ ಸಂಜೆ ಲಾರಿಯಿಂದ ಅವನ ಸ್ಥಾನಕ್ಕೇ ಇಳಿದಿತ್ತು. ನೇಪಥ್ಯದ ಹುಡುಗರಿಗೆ ಸುದ್ದಿ ಗೊತ್ತಿತ್ತು. ಆದರೂ ಅಭ್ಯಾಸದಲ್ಲಿ ಇಳಿಸಿಬಿಟ್ಟಿದ್ದರು. ಆ ರಾತ್ರಿ ಆ ಜಾಗದಲ್ಲಿ ಯಾರೂ ಕೂರಲಿಲ್ಲ.

ಮೇಳದ ಬಸ್ಸು ಇದ್ದರೆ ಬಸ್ಸಿನಲ್ಲೇ ಹೋಗಿ. ಇದೊಂದು ಮಾತು ಕೇಳಿ.

ನೇಪಥ್ಯದ_ಕೈ
🙏 ಅವನ ವೇಷ ನಾನೂ ಕಟ್ಟಿದ್ದೆ.

ಸಿಟಿಯಲ್ಲಿರುವ_ಅಭಿಮಾನಿ
ಅದಕ್ಕೇ ಕಾಲಮಿತಿ ಆಟ ಬಂದದ್ದು ಒಳ್ಳೆಯದಾಯ್ತು ಅನ್ನುವುದು. ಹನ್ನೆರಡೂವರೆ ಒಂದಕ್ಕೆ ಮುಗಿದರೆ ಕಲಾವಿದರೂ ಮನುಷ್ಯರ ಹಾಗೆ ಮಲಗಬಹುದು.

ತೆಂಕಣಗಾಳಿ
ಬಂತು ನೋಡಿ. ಕಾಲಮಿತಿಯಲ್ಲಿ ಕಥೆಗೆ ಮೊದಲಿನ ಪೂರ್ವರಂಗಕ್ಕೆ ಕತ್ತರಿ. ಅದರಲ್ಲಿ ಕೋಡಂಗಿ, ಬಾಲಗೋಪಾಲ ವೇಷ ಮಾಡಿ ಹೊಸ ಹುಡುಗರು ಕಾಲು ಬಲಿಸಿಕೊಳ್ಳುತ್ತಿದ್ದರು. ಅದನ್ನು ಹತ್ತು ನಿಮಿಷಕ್ಕೆ ಇಳಿಸಿದರೆ ಅವರು ಕಲಿಯುವುದು ಎಲ್ಲಿ? ನಮ್ಮ ಕಾಲದಲ್ಲಿ ಚೌಕಿಯೇ ಶಾಲೆ. ನಡುರಾತ್ರಿ ಹಿರಿಯರು ಅರೆನಿದ್ದೆಯಲ್ಲಿ ಹೇಳಿದ ಅರ್ಥ ಕೇಳಿ ಕಲಿತದ್ದು.

ಸಿಟಿಯಲ್ಲಿರುವ_ಅಭಿಮಾನಿ
ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ಧ್ವನಿವರ್ಧಕಕ್ಕೆ ನಿಯಮ ಇದೆ. ಅದು ನಾನು ಮಾಡಿದ್ದಲ್ಲ. ಧರ್ಮಸ್ಥಳ ಮೇಳ ಮೊದಲೇ ಕಾಲಮಿತಿಗೆ ಬಂದಿತ್ತು. ಕಟೀಲು ಮೇಳಗಳು 2022ರಲ್ಲಿ ಬಂದವು.

ತೆಂಕಣಗಾಳಿ
ಕಟೀಲಿನದ್ದು ಮತ್ತೆ ಇಡೀ ರಾತ್ರಿಗೆ ಬಂತು, ಅದನ್ನೂ ಹೇಳಿ. ಭಕ್ತರೇ ಕೇಳಿದ್ದು.

ಮಂಗಳದ_ಹೊತ್ತು
ಇಬ್ಬರೂ ಪ್ರೇಕ್ಷಕರು ಅಂತ ಗೊತ್ತಾಗುತ್ತದೆ. ಕಲಾವಿದನಿಗೆ ಕಾಲಮಿತಿಯಲ್ಲಿ ಬಿಡುವು ಜಾಸ್ತಿ ಅಂದುಕೊಂಡಿದ್ದೀರಿ. ಇಡೀ ರಾತ್ರಿಯ ಆಟದಲ್ಲಿ ಒಂದು ವೇಷ ಮುಗಿಸಿ ಎರಡು ಗಂಟೆ ಮಲಗಿ ಇನ್ನೊಂದಕ್ಕೆ ಏಳುತ್ತಿದ್ದೆವು. ಕಾಲಮಿತಿಯಲ್ಲಿ ಎರಡು ವೇಷದ ನಡುವೆ ಇಪ್ಪತ್ತು ನಿಮಿಷ. ಮುಖ ಒರೆಸಿ, ಬೇರೆ ಬಣ್ಣ ಬರೆದು, ಬೆವರಿಗೆ ಒದ್ದೆಯಾದ ದಗಲೆ (ಮೇಲಂಗಿ) ತೆಗೆದು ಇನ್ನೊಂದು ಒದ್ದೆ ದಗಲೆ ಹಾಕಬೇಕು. ನನಗೆ ಯಾವುದು ಇಷ್ಟ ಅಂತ ಕೇಳಿದರೆ ಕಾಲಮಿತಿಯೇ. ಮಕ್ಕಳು ಏಳುವ ಹೊತ್ತಿಗೆ ನಾನೂ ಎದ್ದಿರುತ್ತೇನೆ. ಆದರೆ ಅದು ಸುಲಭ ಅನ್ನಬೇಡಿ.

ಗದ್ದೆಕಟ್ಟ
ಒದ್ದೆ ದಗಲೆಯ ವಾಸನೆ ಬಗ್ಗೆ ಯಾರೂ ಬರೆದಿಲ್ಲ ಯಾಕೆ?

ನೇಪಥ್ಯದ_ಕೈ
ಬರೆದರೆ ಯಾರೂ ಮೇಳ ಸೇರುವುದಿಲ್ಲ. ಜರಿ, ಮಣಿ ಇರುವುದನ್ನು ದಿನಾ ಒಗೆಯಲು ಆಗುತ್ತದಾ? ಹಗಲು ಬಿಸಿಲಿಗೆ ಹಾಕುತ್ತೇವೆ. ಮೋಡ ಇದ್ದರೆ ದೇವರೇ ಗತಿ. ಒಳಗೆ ಹಾಕಲು ನಿಮ್ಮದೇ ಹತ್ತಿ ಬನಿಯನ್ ನಾಲ್ಕಾದರೂ ತನ್ನಿ. ತಲೆಗೆ ಕಟ್ಟಲು ಹಳೆಯ ಮೆತ್ತಗಿನ ಬಟ್ಟೆ, ಅಮ್ಮನ ಹಳೆ ಸೀರೆ ಹರಿದದ್ದಾದರೆ ಉತ್ತಮ. ಹೊಸ ಬಟ್ಟೆ ಜಾರುತ್ತದೆ, ಜಾರುತ್ತದೆ ಅಂತ ಬಿಗಿ ಮಾಡುತ್ತೀರಿ, ಬಿಗಿ ಮಾಡಿದರೆ ಬೆಳಗ್ಗೆವರೆಗೆ ತಲೆನೋವು.

ಕಸೆಸೀರೆ
ಮಹಿಳಾ ತಂಡದಲ್ಲಿ ವೇಷ ಮಾಡುವವಳು ನಾನು. ನೀವೆಲ್ಲ "ಒಂದಕ್ಕೆ" ಕಥೆ ಹೇಳಿ ನಕ್ಕಿರಿ. ನಮಗೆ ಎಷ್ಟೋ ಊರಿನಲ್ಲಿ ಚೌಕಿಗೆ ಹಿಂದಿನಿಂದ ಒಂದು ಸೀರೆ ಅಡ್ಡ ಕಟ್ಟಿರುತ್ತಾರೆ, ಅದೇ ಬಟ್ಟೆ ಬದಲಿಸುವ ಕೋಣೆ. ಶೌಚಾಲಯ ಎಲ್ಲಿ ಅಂತ ಕೇಳಿದರೆ "ಆ ಮನೆಯಲ್ಲಿ ಕೇಳಿ" ಅನ್ನುತ್ತಾರೆ. ರಾತ್ರಿ ಹನ್ನೊಂದಕ್ಕೆ ಮುಖ ತುಂಬ ಬಣ್ಣ, ಮೀಸೆ ಬರೆದುಕೊಂಡು ಯಾರ ಮನೆ ಬಾಗಿಲು ಬಡಿಯಲಿ? ಒಮ್ಮೆ ಬಡಿದೆ. ಬಾಗಿಲು ತೆಗೆದ ಅಜ್ಜಿ ಕೈ ಮುಗಿದು ನಿಂತುಬಿಟ್ಟರು.

ಲೀಲಾವತಿ ಬೈಪಾಡಿತ್ತಾಯರು ಗಂಡಸರ ಮೇಳಗಳಲ್ಲೇ ಭಾಗವತರಾಗಿ ತಿರುಗಾಟ ಮಾಡಿದವರು. ಅವರು ಹೇಗೆ ನಿಭಾಯಿಸಿದರೋ ಅಂತ ಪ್ರತಿ ಸಲ ನೆನೆಯುತ್ತೇನೆ.

ಇನ್ನೊಂದು ಕಾಟ ಮೊಬೈಲ್. ಚೌಕಿಗೆ ಯಾರು ಬೇಕಾದರೂ ನುಗ್ಗುತ್ತಾರೆ. ವೇಷ ಆದ ಮೇಲೆ ಫೋಟೋ ತೆಗೆಯಿರಿ, ಬೇಡ ಅನ್ನುವುದಿಲ್ಲ. ವೇಷದ ಕಸೆ ಸೀರೆ ಉಡುವಾಗ ವಿಡಿಯೋ ಯಾಕೆ?

ಸಿಟಿಯಲ್ಲಿರುವ_ಅಭಿಮಾನಿ
ಆದರೆ ಮೇಡಂ, ಬಣ್ಣ ಹಚ್ಚುವುದನ್ನು ನೋಡುವುದೇ ಒಂದು ಖುಷಿ. ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖಕ್ಕೆ ಚುಟ್ಟಿ (ಉಬ್ಬು ಚುಕ್ಕೆ) ಇಡುವುದನ್ನು ನಾನು ಮೂರು ಗಂಟೆ ಕೂತು ನೋಡಿದ್ದೇನೆ. ಅದನ್ನು ದಾಖಲಿಸಬಾರದಾ?

ಕಸೆಸೀರೆ
ಕೇಳಿ ತೆಗೆಯಿರಿ. ಚುಟ್ಟಿ ಇಡುವವರಿಗೆ ತುಟಿ ಅಲ್ಲಾಡಿಸಲೂ ಆಗುವುದಿಲ್ಲ, ಒಣಗಿದ್ದು ಒಡೆದು ಬೀಳುತ್ತದೆ. ಅಂಥವರ ಬಳಿ ಹೋಗಿ "ಸಾರ್, ಒಂದು ಸ್ಮೈಲ್" ಅಂದವರನ್ನು ನಾನೇ ನೋಡಿದ್ದೇನೆ.

ಸಿಟಿಯಲ್ಲಿರುವ_ಅಭಿಮಾನಿ
ಅದು ನಾನಲ್ಲ.

ಚೆಂಡೆಪೆಟ್ಟು
ಅದು ನೀವೇ.

ಬಡಗಿನ_ಮಾಣಿ
ಪುಂಡುವೇಷ_27, ಒಂದು ವಿಷಯ ಯಾರೂ ಹೇಳಿಲ್ಲ. ಸಂಘದಲ್ಲಿ ನಿಮಗೆ ತಿಂಗಳ ಮೊದಲೇ ಪ್ರಸಂಗ (ಆಡುವ ಕಥೆ) ಗೊತ್ತು, ಅರ್ಥ ಬರೆದು ಕಲಿಯುತ್ತೀರಿ. ಮೇಳದಲ್ಲಿ ಒಬ್ಬರಿಗೆ ಜ್ವರ ಅಂತ ಏಳೂವರೆಗೆ ಫೋನ್ ಬಂದರೆ ಎಂಟಕ್ಕೆ ನಿಮ್ಮನ್ನು ಕರೆದು "ಇವತ್ತು ಆ ವೇಷ ನೀನೇ" ಅನ್ನುತ್ತಾರೆ. ಅದನ್ನು ನೀವು ಮಾಡಿಲ್ಲ, ಬರೀ ನೋಡಿದ್ದೀರಿ. ಆಗ ಯಾರ ಬಳಿ ಹೋಗಬೇಕು ಗೊತ್ತಾ? ಎದುರು ವೇಷದವರ ಬಳಿ ಅಲ್ಲ, ಅವರು ಬಣ್ಣದಲ್ಲಿರುತ್ತಾರೆ. ಭಾಗವತರ ಬಳಿ ಹೋಗಿ, ಎಷ್ಟು ಪದ್ಯ, ಎಲ್ಲಿ ಬಿಡುತ್ತೀರಿ ಅಂತ ಕೇಳಿ. ಒಳ್ಳೆಯವರಾದರೆ ರಂಗದಲ್ಲಿ ನೀವು ತಡವರಿಸಿದಾಗ ಮೆಲ್ಲ ಮುಂದಿನ ಪದ್ಯ ಎತ್ತಿ ಕಾಪಾಡುತ್ತಾರೆ. ನನಗೆ ಹಾಗೆ ಎರಡು ಸಲ ಆಗಿದೆ. ಒಮ್ಮೆ ಕಾಪಾಡಿದರು. ಇನ್ನೊಮ್ಮೆ ಮೊದಲ ದಿನ ನಾನು ಏನೋ ಎದುರು ಮಾತಾಡಿದ್ದೆ, ಸುಮ್ನೆ ತಾಳ ಹಿಡಿದು ನನ್ನನ್ನೇ ನೋಡುತ್ತಾ ಕೂತರು. ಆ ಅರ್ಧ ನಿಮಿಷ ನಾನು ಸಾಯುವವರೆಗೆ ಮರೆಯುವುದಿಲ್ಲ.

ಹಳೇಗೆಜ್ಜೆ
ಹಹ್ಹ, ಹಿಮ್ಮೇಳದವರ ಜೊತೆ ಜಗಳ ಬೇಡ. ಇದು ಬಡಗು ತೆಂಕು ಎರಡಕ್ಕೂ ಒಂದೇ.

ಮಲ್ಲಿಗೆ_ಅಟ್ಟೆ
ಮಳೆಗಾಲದಲ್ಲಿ ಏನು ಮಾಡುತ್ತೀರಿ ಅಂತಲೂ ಈಗಲೇ ಯೋಚನೆ ಮಾಡಿ. ನಮ್ಮವರು ಚಿಕ್ಕಮೇಳದಲ್ಲಿ ಮನೆ ಮನೆಗೆ ಹೋಗಿ ಕುಣಿಯುತ್ತಾರೆ. ಕೆಲವರು ಅಡಿಗೆ ಕೆಲಸಕ್ಕೆ. ನಿಮಗೆ ಲೆಕ್ಕದ ಕೆಲಸ ಇದೆಯಲ್ಲ, ಅದನ್ನು ಪೂರ್ತಿ ಬಿಡಬೇಡಿ.

ಪುಂಡುವೇಷ_27
ಎಲ್ಲರಿಗೂ ಉತ್ತರ ಕೊಡಲು ತಡ ಆಯ್ತು, ಕ್ಷಮಿಸಿ. ಆಫೀಸಿನಲ್ಲಿ ಕೇಳಿದೆ. ಜೂನ್‌ನಿಂದ ಬಂದು ಮಾಡಿದರೂ ಸಾಕು ಅಂದಿದ್ದಾರೆ, ಬಾಯಿ ಮಾತಲ್ಲಿ.

ನಿನ್ನೆ ರಾತ್ರಿ ಅಪ್ಪ ಮಾತಾಡಿದರು. ಅಮ್ಮ ಇಲ್ಲಿಯದ್ದನ್ನೆಲ್ಲ ಅವರಿಗೂ ಹೇಳಿದ್ದಾರೆ ಅಂತ ಕಾಣುತ್ತದೆ. ಊಟದ ನಡುವೆ "ಬಸ್ಸು ಇದೆಯಾ?" ಅಂತ ಕೇಳಿದರು. ಇದೆ ಅಂದೆ. "ಬೈಕಿನ ಕೀ ಮನೆಯಲ್ಲಿ ಇಟ್ಟು ಹೋಗು" ಅಂದರು. ಹೋಗು ಅಂದದ್ದು ಅದರಲ್ಲೇ ಬಂತು. ಅಮ್ಮ ಸೀರೆ ಹರಿಯುತ್ತಿದ್ದಾರೆ.

ಒಂದೇ ಪ್ರಶ್ನೆ ಉಳಿದಿದೆ. ಮೊದಲ ದಿನ ಚಾಪೆ ಎಲ್ಲಿ ಹಾಸಲಿ?

ನೇಪಥ್ಯದ_ಕೈ
ಹಾಸಲೇ ಬೇಡ. ದೇವರಿಗೆ ಕೈ ಮುಗಿದು ಪೆಟ್ಟಿಗೆ ಹಿಡಿದು ಬಾಗಿಲ ಹತ್ತಿರ ನಿಂತಿರು. ಯಾರಾದರೂ ಕೂರಿಸುತ್ತಾರೆ.

ಪುಂಡುವೇಷ_27
ಯಾರೂ ಕೂರಿಸದಿದ್ದರೆ?

ಹಳೇಗೆಜ್ಜೆ
ಕೋಡಂಗಿ ಹುಡುಗರ ಪಕ್ಕ ಕೂರು. ಅವರ ವೇಷ ಮೊದಲೇ ಮುಗಿಯುತ್ತದೆ, ಬಣ್ಣ ತೆಗೆದು ಮೂಲೆಯಲ್ಲಿ ಮಲಗುತ್ತಾರೆ. ಆಮೇಲೆ ಆ ಜಾಗ ಬೆಳಗಿನವರೆಗೆ ನಿನ್ನದೇ. ಮಲಗಿದವರ ಕೈಕಾಲು ಮೆಟ್ಟಬೇಡ.